ಜಾಲತಾಣವು ಮನೆ ಬದಲಿಸಿದಾಗ

ಲೋಕದ ವ್ಯವಹಾರವೆಲ್ಲ ನಡೆಯುವುದು ಹೆಸರುಗಳ ಮೂಲಕ. ವ್ಯಾಕರಣದ ಪಾಠದಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂಬ ಮೂರು ಬಗೆಗಳನ್ನು ನೀವು ಕಲಿತಿದ್ದೀರಿ. ಹೊಳೆ ಎಂಬುದು ರೂಢನಾಮ. ಚಂದ್ರಗಿರಿ ಎಂಬುದು ಅಂಕಿತನಾಮ. ಒಂದನ್ನು ಉಳಿದವುಗಳಿಂದ ಬೇರ್ಪಡಿಸಿ ಗುರುತಿಸುವುದಕ್ಕಾಗಿ ಇಟ್ಟ ಹೆಸರೇ ಅಂಕಿತನಾಮ. ಇಂಟರ್‌ನೆಟ್ಟಿನಲ್ಲಿ ಜಾಲತಾಣಕ್ಕೆ ಇಡುವ ಡೊಮೇನ್ ಹೆಸರು ಕೂಡ ಇಂತಹ ಅಂಕಿತನಾಮವೇ. ಆದರೆ ಹೆಸರು ಗೊತ್ತಿದ್ದ ಮಾತ್ರಕ್ಕೆ ಮನೆ ಸಿಕ್ಕೀತೇ? ಹೆಸರಿನ ಜತೆಗೆ ವಿಳಾಸವೂ ಬೇಕು. ಮನೆ ಬದಲಿಸಿದ ಮೇಲೆ ಹೆಸರು ಅದೇ ಉಳಿಯುತ್ತದೆ, ವಿಳಾಸ ಬೇರೆಯಾಗುತ್ತದೆ. ಆಗ ಉಂಟಾಗುವ ತೊಡಕುಗಳೇನು, ಅವುಗಳನ್ನು ಕಂಡುಹಿಡಿದು ಸರಿಪಡಿಸುವ ಕ್ರಮವೇನು ಎಂಬುದೇ ಈ ಲೇಖನದ ವಿಷಯ.

ಒಂದು ಉದಾಹರಣೆಯನ್ನು ಭಾವಿಸಿಕೊಳ್ಳೋಣ. ಒಂದು ಶಾಲೆಗೆ ತನ್ನದೇ ಆದ ಜಾಲತಾಣವಿದೆ. ಮೇ ತಿಂಗಳ ಒಂದು ಶನಿವಾರ ಅದನ್ನು ಹಳೆಯ ಸರ್ವರಿನಿಂದ ಹೊಸ ಸರ್ವರಿಗೆ ಸಾಗಿಸುತ್ತಾರೆ. ಎಂಟನೆಯ ತರಗತಿಯ ಪ್ರವೇಶದ ಹೊಸ ಪ್ರಕಟಣೆ ಹೊಸ ಸರ್ವರಿನಲ್ಲಿದೆ. ಅಂದು ಮಧ್ಯಾಹ್ನ ಊರಿನ ಅಕ್ಷಯ ಕೇಂದ್ರಕ್ಕೆ ಹೋದ ತಂದೆಗೆ ಕಳೆದ ವರ್ಷದ ಪ್ರಕಟಣೆಯೇ ಕಾಣುತ್ತದೆ. ಮಂಗಳೂರಿನ ಕಾಲೇಜಿನಲ್ಲಿರುವ ಮಗ ದೂರವಾಣಿಯಲ್ಲಿ, “ಅಪ್ಪಾ, ಇಲ್ಲಿ ಹೊಸ ದಿನಾಂಕ ಕಾಣುತ್ತಿದೆಯಲ್ಲ” ಎನ್ನುತ್ತಾನೆ. ಇಬ್ಬರೂ ಬರೆದದ್ದು ಒಂದೇ ಹೆಸರನ್ನು. ಇಬ್ಬರ ಮಾತೂ ನಿಜ. ಇದು ಹೇಗೆ ಸಾಧ್ಯ?

ಹೆಸರು ಮತ್ತು ಅಂಕೆ

ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕೆಗಳಿಂದ. ಈ ಅಂಕೆಗೆ ಐ.ಪಿ. ವಿಳಾಸವೆಂದು ಹೆಸರು. ಹಳೆಯ ಪದ್ಧತಿಯ ವಿಳಾಸದಲ್ಲಿ ನಾಲ್ಕು ಸಂಖ್ಯೆಗಳಿದ್ದು, ಪ್ರತಿಯೊಂದೂ 0ಯಿಂದ 255ರವರೆಗೆ ಇರಬಹುದು. ನಮ್ಮ ಉದಾಹರಣೆಯ ಶಾಲೆಯ ಹಳೆಯ ಸರ್ವರಿನ ವಿಳಾಸ 192.0.2.10 ಎಂದೂ, ಹೊಸದರ ವಿಳಾಸ 203.0.113.25 ಎಂದೂ ಇಟ್ಟುಕೊಳ್ಳೋಣ. (ಈ ಎರಡೂ ಪಾಠ ಹೇಳುವುದಕ್ಕೆಂದೇ ಮೀಸಲಿಟ್ಟ ಅಂಕೆಗಳ ಗುಂಪಿಗೆ ಸೇರಿದವು; ಇವುಗಳಲ್ಲಿ ಯಾರ ತಾಣವೂ ಇಲ್ಲ.) ಇಂತಹ ಅಂಕೆಗಳನ್ನು ಮನುಷ್ಯರು ನೆನಪಿಡುವುದು ಕಷ್ಟ. ಆದುದರಿಂದ ಹೆಸರನ್ನು ಕೊಟ್ಟರೆ ಅಂಕೆಯನ್ನು ತಿಳಿಸುವ ಒಂದು ಏರ್ಪಾಡು ಬೇಕಾಯಿತು.

ಮೊದಮೊದಲು ಈ ಏರ್ಪಾಡು ಬಹಳ ಸರಳವಾಗಿತ್ತು. ಇಂಟರ್‌ನೆಟ್ಟಿನ ಪೂರ್ವರೂಪವಾದ ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಎಲ್ಲ ಯಂತ್ರಗಳ ಹೆಸರು ಮತ್ತು ಅಂಕೆಗಳನ್ನು ಒಂದೇ ಪಟ್ಟಿಯಲ್ಲಿ ಬರೆದಿಡುತ್ತಿದ್ದರು. ಆ ಪಟ್ಟಿಯನ್ನು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ನೇತೃತ್ವದ ತಂಡವು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಬಂದಾಗ ಅವರಿಗೆ ತಿಳಿಸಬೇಕು. ಅವರು ಪಟ್ಟಿಗೆ ಸೇರಿಸಬೇಕು. ಉಳಿದವರೆಲ್ಲರೂ ಹೊಸ ಪಟ್ಟಿಯನ್ನು ತರಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚಿದಂತೆ ಈ ಕ್ರಮ ಸಾಲದೆ ಹೋಯಿತು. 1983ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿದ್ದ ಪಾಲ್ ಮೊಕಾಪೆಟ್ರಿಸ್ ಎಂಬವರು ಹೊಸ ವ್ಯವಸ್ಥೆಯೊಂದನ್ನು ರೂಪಿಸಿದರು. ಅದೇ ಡೊಮೇನ್ ನೇಮ್ ಸಿಸ್ಟಮ್, ಚಿಕ್ಕದಾಗಿ ಡಿ.ಎನ್.ಎಸ್. 1987ರಲ್ಲಿ ಅದರ ನಿಯಮಗಳನ್ನು ಪರಿಷ್ಕರಿಸಿ ಪ್ರಕಟಿಸಲಾಯಿತು. ಇಂದಿಗೂ ಅದೇ ತಳಹದಿಯ ಮೇಲೆ ಲೋಕದ ಜಾಲವೆಲ್ಲ ನಡೆಯುತ್ತಿದೆ.

ಕೇಳುವ ಕ್ರಮ

ಡಿ.ಎನ್.ಎಸ್.ನಲ್ಲಿ ಎಲ್ಲವನ್ನೂ ಬಲ್ಲವರು ಯಾರೂ ಇಲ್ಲ. ಯಾರಿಗೆ ಏನು ಗೊತ್ತು ಎಂಬುದನ್ನು ಮಾತ್ರ ಮೇಲಿನವರು ಬಲ್ಲರು. ಶಾಲೆಯ ತಾಣದ ಹೆಸರು ‘ಡಾಟ್ ಇನ್’ ಎಂದು ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ನೀವು ಆ ಹೆಸರನ್ನು ಬರೆದೊಡನೆ ನಿಮ್ಮ ಕಂಪ್ಯೂಟರು, ನಿಮಗೆ ಇಂಟರ್‌ನೆಟ್ ಒದಗಿಸುವ ಕಂಪೆನಿಯ ‘ರಿಸಾಲ್ವರ್’ ಎಂಬ ಸರ್ವರನ್ನು ಕೇಳುತ್ತದೆ. ರಿಸಾಲ್ವರ್ ಎಂದರೆ ನಮ್ಮ ಪರವಾಗಿ ವಿಚಾರಿಸಿಕೊಂಡು ಬರುವ ಆಳು. ಅದು ಮೊದಲು ‘ರೂಟ್’ ಎಂಬ ಮೂಲ ಸರ್ವರನ್ನು ಕೇಳುತ್ತದೆ. ಮೂಲ ಸರ್ವರುಗಳಿಗೆ ‘ಎ’ಯಿಂದ ‘ಎಂ’ವರೆಗೆ ಹದಿಮೂರು ಹೆಸರುಗಳಿವೆ, ಅವುಗಳ ಪ್ರತಿರೂಪಗಳು ಸಾವಿರಕ್ಕೂ ಮಿಕ್ಕಿ ಲೋಕದಾದ್ಯಂತ ಹರಡಿವೆ. “ಡಾಟ್ ಇನ್ ಹೆಸರುಗಳ ವಿಚಾರವನ್ನು ಅಲ್ಲಿ ಕೇಳು” ಎಂದು ರೂಟ್ ತೋರಿಸುತ್ತದೆ. ಡಾಟ್ ಇನ್ನಿನ ಸರ್ವರು, “ಆ ಶಾಲೆಯ ಹೆಸರಿನ ಲೆಕ್ಕ ಇಂತಹ ನೇಮ್ ಸರ್ವರಿನಲ್ಲಿದೆ” ಎಂದು ಮುಂದೆ ಕಳುಹಿಸುತ್ತದೆ. ಕೊನೆಗೆ ಆ ನೇಮ್ ಸರ್ವರು ತನ್ನಲ್ಲಿರುವ ದಾಖಲೆಯನ್ನು ನೋಡಿ ಅಂಕೆಯನ್ನು ಹೇಳುತ್ತದೆ. ಈ ಕೊನೆಯ ಸರ್ವರಿನ ಮಾತೇ ಅಧಿಕೃತ. ಉಳಿದವರು ಹೇಳುವುದು ಕೇಳಿ ತಿಳಿದ ಮಾತು.

ಈ ನೇಮ್ ಸರ್ವರಿನಲ್ಲಿ ಹಲವು ಬಗೆಯ ದಾಖಲೆಗಳಿರುತ್ತವೆ. ‘ಎ’ ದಾಖಲೆಯು ನಾಲ್ಕು ಸಂಖ್ಯೆಗಳ ಹಳೆಯ ಪದ್ಧತಿಯ ವಿಳಾಸವನ್ನು ಹೇಳುತ್ತದೆ. ‘ಎ.ಎ.ಎ.ಎ.’ ಎಂಬುದು ಐ.ಪಿ. ಆರನೆಯ ಆವೃತ್ತಿಯ ಉದ್ದನೆಯ ವಿಳಾಸಕ್ಕೆ. ‘ಸಿ-ನೇಮ್’ ಎಂಬುದು ಪರ್ಯಾಯ ನಾಮ. ನಾವು ಕುಂಬಳೆ ಎನ್ನುವ ಊರನ್ನು ಮಲಯಾಳದಲ್ಲಿ ಕುಂಬಳ ಎನ್ನುತ್ತಾರೆ. ಹೆಸರು ಎರಡು, ಊರು ಒಂದೇ. ಹಾಗೆಯೇ ‘ಈ ಹೆಸರೂ ಆ ಹೆಸರೂ ಒಂದೇ’ ಎಂದು ಸಿ-ನೇಮ್ ತಿಳಿಸುತ್ತದೆ. ‘ಎಂ.ಎಕ್ಸ್.’ ದಾಖಲೆ ಮಿಂಚಂಚೆ ಎಲ್ಲಿಗೆ ಹೋಗಬೇಕೆಂಬುದನ್ನೂ, ‘ಎನ್.ಎಸ್.’ ದಾಖಲೆ ಅಧಿಕೃತ ನೇಮ್ ಸರ್ವರು ಯಾವುದೆಂಬುದನ್ನೂ ಹೇಳುತ್ತವೆ.

ನೆನಪಿನ ಅವಧಿ

ಪ್ರತಿಯೊಂದು ಸಲವೂ ಮೂಲದಿಂದ ಕೊನೆಯವರೆಗೆ ಕೇಳುತ್ತ ಹೋದರೆ ಕಾಲಹರಣವಾಗುತ್ತದೆ. ಆದುದರಿಂದ ರಿಸಾಲ್ವರು ಒಮ್ಮೆ ಕೇಳಿ ತಿಳಿದುದನ್ನು ಸ್ವಲ್ಪ ಕಾಲ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಎಷ್ಟು ಕಾಲ ಎಂಬುದನ್ನು ಅಧಿಕೃತ ದಾಖಲೆಯೇ ಹೇಳುತ್ತದೆ. ಅದಕ್ಕೆ ಟಿ.ಟಿ.ಎಲ್. ಎಂದು ಹೆಸರು, ಸೆಕೆಂಡುಗಳಲ್ಲಿ ಅದರ ಲೆಕ್ಕ. 300 ಎಂದರೆ ಐದು ನಿಮಿಷ, 3600 ಎಂದರೆ ಒಂದು ಗಂಟೆ, 86400 ಎಂದರೆ ಒಂದು ದಿನ.

ಈಗ ತಂದೆ ಮಗನ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಶಾಲೆಯ ತಾಣದ ಟಿ.ಟಿ.ಎಲ್. 86400 ಇತ್ತೆನ್ನೋಣ. ಶನಿವಾರ ಬೆಳಗ್ಗೆ 10 ಗಂಟೆಗೆ ದಾಖಲೆಯಲ್ಲಿ ಅಂಕೆಯನ್ನು ಬದಲಿಸಿದರು. ಅಕ್ಷಯ ಕೇಂದ್ರದವರು ಬಳಸುವ ರಿಸಾಲ್ವರು ಅದೇ ದಿನ 9 ಗಂಟೆ 50 ನಿಮಿಷಕ್ಕೆ, ಅಂದರೆ ಬದಲಾವಣೆಗೆ ಹತ್ತು ನಿಮಿಷ ಮೊದಲು, ಬೇರೆ ಯಾರಿಗಾಗಿಯೋ ಈ ಹೆಸರನ್ನು ವಿಚಾರಿಸಿತ್ತು. ಭಾನುವಾರ ಬೆಳಗ್ಗೆ 9 ಗಂಟೆ 50 ನಿಮಿಷದ ತನಕ ಅದು ಹಳೆಯ ಅಂಕೆಯನ್ನೇ ಹೇಳುತ್ತದೆ. ಮಂಗಳೂರಿನ ಕಾಲೇಜಿನ ರಿಸಾಲ್ವರು ವಿಚಾರಿಸಿದ್ದು ಶುಕ್ರವಾರ 10 ಗಂಟೆ 5 ನಿಮಿಷಕ್ಕೆ. ಅದರ ನೆನಪು ಶನಿವಾರ 10 ಗಂಟೆ 5 ನಿಮಿಷಕ್ಕೇ ಮುಗಿಯಿತು. ಅನಂತರ ಕೇಳಿದವರಿಗೆ ಅದು ಹೊಸದಾಗಿ ವಿಚಾರಿಸಿ ಹೊಸ ಅಂಕೆಯನ್ನು ಕೊಟ್ಟಿತು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ‘ಡಿ.ಎನ್.ಎಸ್. ಬದಲಾವಣೆ ಲೋಕಕ್ಕೆಲ್ಲ ಹರಡಲು ಎರಡು ದಿನ ಬೇಕು’ ಎಂದು ಹೇಳುವ ರೂಢಿಯುಂಟು. ಬದಲಾವಣೆಯನ್ನು ಹೊತ್ತು ಹರಡುವವರು ಯಾರೂ ಇಲ್ಲ. ಹಳೆಯ ನೆನಪು ಅಲ್ಲಲ್ಲಿ ತನ್ನ ಅವಧಿ ತೀರಿ ಅಳಿಯುತ್ತದೆ, ಅಷ್ಟೆ. ಎರಡು ದಿನ ಎಂಬ ಮಾತಿಗೆ ಆಧಾರ ಇಲ್ಲದಿಲ್ಲ: ‘ಡಾಟ್ ಕಾಮ್’ ಹೆಸರುಗಳ ನೇಮ್ ಸರ್ವರು ಯಾವುದು ಎಂಬ ಮೇಲಿನ ದಾಖಲೆಯ ಟಿ.ಟಿ.ಎಲ್. 172800, ಎಂದರೆ ಸರಿಯಾಗಿ ಎರಡು ದಿನ. ನೇಮ್ ಸರ್ವರನ್ನೇ ಬದಲಿಸಿದರೆ ಅಷ್ಟು ಕಾಯಬೇಕಾದೀತು. ಬರಿಯ ‘ಎ’ ದಾಖಲೆಯನ್ನು ತಿದ್ದಿದರೆ ಆ ದಾಖಲೆಯ ಟಿ.ಟಿ.ಎಲ್. ಎಷ್ಟೋ ಅಷ್ಟೇ. ಇದನ್ನು ಅರಿತವರು ಎಷ್ಟು ಹೊತ್ತು ಕಾಯಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಬಲ್ಲರು.

ಮನೆ ಬದಲಿಸುವ ಮುನ್ನ

ಮೊದಲಾಗಿ, ಟಿ.ಟಿ.ಎಲ್. ಅನ್ನು ತಗ್ಗಿಸಬೇಕು. ಶನಿವಾರ ಬದಲಾವಣೆ ಎಂದಾದರೆ ಗುರುವಾರವೇ 86400 ಇದ್ದುದನ್ನು 300ಕ್ಕೆ ಇಳಿಸಬೇಕು. ಶನಿವಾರ ಬೆಳಗ್ಗೆ ಇಳಿಸಿದರೆ ಪ್ರಯೋಜನವಿಲ್ಲ. ಏಕೆಂದರೆ ‘ಒಂದು ದಿನ ನೆನಪಿಡು’ ಎಂಬ ಹಳೆಯ ಅಪ್ಪಣೆ ಆಗಲೇ ಹಲವು ರಿಸಾಲ್ವರುಗಳಿಗೆ ಹೋಗಿರುತ್ತದೆ. ಹಳೆಯ ಟಿ.ಟಿ.ಎಲ್.ನಷ್ಟು ಕಾಲವಾದರೂ ಮುಂಚಿತವಾಗಿ ತಗ್ಗಿಸುವುದೇ ನಿಯಮ.

ಎರಡನೆಯದಾಗಿ, ಇರುವ ದಾಖಲೆಗಳನ್ನೆಲ್ಲ ಒಂದು ಕಾಗದದಲ್ಲಿ ಪ್ರತಿಮಾಡಿಕೊಳ್ಳಬೇಕು. ‘ಡಬ್ಲ್ಯು ಡಬ್ಲ್ಯು ಡಬ್ಲ್ಯು’ ಸೇರಿದ ಹೆಸರು, ಸೇರದ ಹೆಸರು, ಅಂಚೆಯ ದಾಖಲೆ, ಎಲ್ಲವೂ ಅದರಲ್ಲಿರಲಿ.

ಮೂರನೆಯದಾಗಿ, ಊರಿಗೆಲ್ಲ ಹೇಳುವ ಮುನ್ನ ಹೊಸ ಮನೆಯನ್ನು ತಾನೊಬ್ಬನೇ ಹೊಕ್ಕು ನೋಡಬೇಕು. ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ ‘ಹೋಸ್ಟ್ಸ್’ ಎಂಬ ಚಿಕ್ಕ ಕಡತವಿದೆ. ಮೇಲೆ ಹೇಳಿದ ಅರ್ಪಾನೆಟ್ ಪಟ್ಟಿಯ ವಂಶದ ಕುಡಿ ಅದು. ಅದರಲ್ಲಿ ಹೊಸ ಅಂಕೆಯನ್ನೂ ತಾಣದ ಹೆಸರನ್ನೂ ಬರೆದರೆ, ಆ ಒಂದು ಕಂಪ್ಯೂಟರು ಮಾತ್ರ ಡಿ.ಎನ್.ಎಸ್. ಅನ್ನು ಕೇಳದೆ ಹೊಸ ಸರ್ವರಿಗೆ ಹೋಗುತ್ತದೆ. ಪುಟಗಳು, ಚಿತ್ರಗಳು, ಅರ್ಜಿ ನಮೂನೆಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಿ, ಆಮೇಲೆ ಆ ಸಾಲನ್ನು ಮರೆಯದೆ ಅಳಿಸಬೇಕು.

ತೊಡಕು ಎಲ್ಲಿದೆ?

ಇಷ್ಟಾದರೂ ತಾಣ ಕಾಣದಿದ್ದರೆ ಕಂಡಕಂಡದ್ದನ್ನೆಲ್ಲ ತಿದ್ದುವುದಕ್ಕೆ ಹೊರಡಬಾರದು. ವೈದ್ಯರು ಮದ್ದು ಕೊಡುವ ಮೊದಲು ನಾಡಿ ನೋಡುವಂತೆ, ಸರಪಣಿಯ ಯಾವ ಕೊಂಡಿಯಲ್ಲಿ ಹಳೆಯ ಉತ್ತರ ಉಳಿದಿದೆ ಎಂಬುದನ್ನು ಮೊದಲು ನೋಡಬೇಕು. ಅದಕ್ಕೆ ‘ಎನ್‌ಎಸ್‌ಲುಕಪ್’ ಎಂಬ ಆಜ್ಞೆಯಿದೆ. ಅದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿ, ಮುಂದೆ ತಾಣದ ಹೆಸರನ್ನೂ, ಅದರ ಮುಂದೆ ಯಾರನ್ನು ಕೇಳಬೇಕೋ ಆ ಸರ್ವರಿನ ಹೆಸರು ಅಥವಾ ಅಂಕೆಯನ್ನೂ ಬರೆದರೆ ಉತ್ತರ ಬರುತ್ತದೆ. ಲಿನಕ್ಸ್ ಯಂತ್ರಗಳಲ್ಲಿ ‘ಡಿಗ್’ ಎಂಬ ಇನ್ನೊಂದು ಆಜ್ಞೆಯೂ ಉಂಟು. ಅದು ನೆನಪಿನ ಅವಧಿಯಲ್ಲಿ ಎಷ್ಟು ಸೆಕೆಂಡು ಉಳಿದಿದೆ ಎಂಬುದನ್ನೂ ತೋರಿಸುತ್ತದೆ.

ಮೊದಲ ಹೆಜ್ಜೆ: ಅಧಿಕೃತ ನೇಮ್ ಸರ್ವರನ್ನೇ ಕೇಳಿ. ಅದು ಹಳೆಯ ಅಂಕೆಯನ್ನು ಹೇಳಿದರೆ ಕಾದು ಕುಳಿತು ಫಲವಿಲ್ಲ, ದಾಖಲೆಯಲ್ಲಿಯೇ ತಪ್ಪಿದೆ. ಸಾಮಾನ್ಯವಾಗಿ ಕಾಣುವ ತಪ್ಪೆಂದರೆ ಬೇರೆ ಕಡೆ ತಿದ್ದಿರುವುದು. ಹೆಸರನ್ನು ಕೊಂಡದ್ದು ಒಂದು ಕಂಪೆನಿಯಲ್ಲಿ, ನೇಮ್ ಸರ್ವರು ಇನ್ನೊಂದರಲ್ಲಿ, ತಾಣ ಮತ್ತೊಂದರಲ್ಲಿ ಇರುವುದುಂಟು. ಎನ್.ಎಸ್. ದಾಖಲೆ ಯಾವ ಕಡೆ ಕೈತೋರಿಸುತ್ತದೆಯೋ ಅಲ್ಲಿ ತಿದ್ದಿದರೆ ಮಾತ್ರ ಅದು ತಿದ್ದುಪಡಿ.

ಎರಡನೆಯ ಹೆಜ್ಜೆ: ಅಧಿಕೃತ ಉತ್ತರ ಹೊಸದಾಗಿದ್ದರೆ, ಸಾರ್ವಜನಿಕ ರಿಸಾಲ್ವರುಗಳನ್ನು ಕೇಳಿ. ಗೂಗಲಿನ 8.8.8.8 ಮತ್ತು ಕ್ಲೌಡ್‌ಫ್ಲೇರಿನ 1.1.1.1 ಯಾರು ಬೇಕಾದರೂ ಕೇಳಬಹುದಾದ ರಿಸಾಲ್ವರುಗಳು. ಅವು ಹಳೆಯದನ್ನು ಹೇಳಿದರೆ ಟಿ.ಟಿ.ಎಲ್. ತೀರುವವರೆಗೆ ಕಾಯಬೇಕು. ಒಂದು ಹೆಸರಿನ ನೆನಪನ್ನು ಅಳಿಸುವಂತೆ ಕೇಳಿಕೊಳ್ಳುವ ಪುಟವನ್ನೂ ಈ ಎರಡು ಕಂಪೆನಿಗಳು ಇಟ್ಟಿವೆ.

ಮೂರನೆಯ ಹೆಜ್ಜೆ: ಅವೂ ಹೊಸದನ್ನೇ ಹೇಳಿ, ನಿಮ್ಮಲ್ಲಿ ಮಾತ್ರ ಹಳೆಯ ಪುಟ ಕಂಡರೆ, ದೋಷ ನಿಮ್ಮ ಹತ್ತಿರದಲ್ಲಿದೆ. ನಿಮ್ಮ ಇಂಟರ್‌ನೆಟ್ ಕಂಪೆನಿಯ ರಿಸಾಲ್ವರು, ಮನೆಯ ರೌಟರು, ಕಂಪ್ಯೂಟರು, ಬ್ರೌಸರು, ಇವೆಲ್ಲವೂ ಹಳೆಯದನ್ನು ಸ್ವಲ್ಪ ಸ್ವಲ್ಪ ನೆನಪಿಡುತ್ತವೆ. ಬ್ರೌಸರನ್ನು ಮುಚ್ಚಿ ತೆರೆಯಿರಿ. ಕಂಪ್ಯೂಟರನ್ನು ಒಮ್ಮೆ ನಿಲ್ಲಿಸಿ ಆರಂಭಿಸಿ. ಮೊಬೈಲಿನ ಇಂಟರ್‌ನೆಟ್ಟಿನಲ್ಲಿ ನೋಡಿ. ಪರೀಕ್ಷೆಗಾಗಿ ಹೋಸ್ಟ್ಸ್ ಕಡತದಲ್ಲಿ ಬರೆದ ಸಾಲು ಉಳಿದಿದೆಯೇ ಎಂದೂ ನೋಡಿ. ಆ ಸಾಲಿಗೆ ಟಿ.ಟಿ.ಎಲ್. ಇಲ್ಲ, ಅಳಿಸುವವರೆಗೂ ಅದು ಮರೆಯುವುದಿಲ್ಲ.

ನಾಲ್ಕನೆಯ ಹೆಜ್ಜೆ: ಪ್ರಯೋಗಾಲಯದಲ್ಲಿ ಹೊಸ ತಾಣ, ಮೊಬೈಲಿನಲ್ಲಿ ಹಳೆಯ ತಾಣ ಕಂಡರೆ ‘ಎ.ಎ.ಎ.ಎ.’ ದಾಖಲೆಯನ್ನು ನೋಡಿ. ‘ಎ’ ದಾಖಲೆಯನ್ನು ಮಾತ್ರ ತಿದ್ದಿ ಇದನ್ನು ಬಿಟ್ಟಿದ್ದರೆ, ಆರನೆಯ ಆವೃತ್ತಿಯ ವಿಳಾಸವನ್ನು ಬಳಸುವ ಮೊಬೈಲುಗಳು ಎಷ್ಟು ದಿನವಾದರೂ ಹಳೆಯ ಮನೆಗೇ ಹೋಗುತ್ತವೆ.

ಐದನೆಯ ಹೆಜ್ಜೆ: ಎಲ್ಲ ಕಡೆಯೂ ಹೊಸ ಅಂಕೆಯೇ ಬರುತ್ತಿದ್ದು, ಪುಟ ಮಾತ್ರ ಬರದಿದ್ದರೆ ಡಿ.ಎನ್.ಎಸ್. ತನ್ನ ಕೆಲಸವನ್ನು ಮುಗಿಸಿದೆ ಎಂದು ತಿಳಿಯಿರಿ. ಅತಿಥಿ ಸರಿಯಾದ ಮನೆಗೆ ಬಂದಿದ್ದಾನೆ. ಮನೆಯವರಿಗೆ ಅವನ ಗುರುತಿಲ್ಲ. ಹೊಸ ಸರ್ವರಿಗೆ ಈ ಹೆಸರನ್ನು ತಿಳಿಸಿಲ್ಲದಿರಬಹುದು, ಇಲ್ಲವೆ ಸುರಕ್ಷತೆಯ ಪ್ರಮಾಣಪತ್ರ ಅಲ್ಲಿಲ್ಲದಿರಬಹುದು. ಅದನ್ನು ಸರ್ವರಿನಲ್ಲಿ ಸರಿಪಡಿಸಬೇಕು, ಡಿ.ಎನ್.ಎಸ್. ದಾಖಲೆಯನ್ನು ಕೆಣಕಬಾರದು.

ಇನ್ನೆರಡು ಎಚ್ಚರಿಕೆಗಳುಂಟು. ‘ಇಲ್ಲ’ ಎಂಬ ಉತ್ತರವನ್ನೂ ರಿಸಾಲ್ವರು ನೆನಪಿಡುತ್ತದೆ. ಹೊಸ ಹೆಸರಿನ ದಾಖಲೆಯನ್ನು ಬರೆಯುವ ಮುನ್ನವೇ ಅವಸರಪಟ್ಟು ಅದನ್ನು ಹುಡುಕಿದರೆ, ಬರೆದ ಮೇಲೆಯೂ ಸ್ವಲ್ಪ ಹೊತ್ತು ‘ಅಂತಹ ಹೆಸರಿಲ್ಲ’ ಎಂದೇ ಉತ್ತರ ಬರುತ್ತದೆ. ಇನ್ನೊಂದು, ಡಿ.ಎನ್.ಎಸ್. ಸೆಕ್ ಎಂಬ ಮೊಹರಿನ ವ್ಯವಸ್ಥೆ. ಮೊಹರಿನ ಗುರುತು ಮೇಲಿನ ಸರ್ವರಿನಲ್ಲಿ ದಾಖಲಾಗಿರುತ್ತದೆ. ನೇಮ್ ಸರ್ವರನ್ನು ಬದಲಿಸಿ, ಆ ಹಳೆಯ ಗುರುತನ್ನು ಹಾಗೆಯೇ ಬಿಟ್ಟರೆ, ಮೊಹರನ್ನು ಪರೀಕ್ಷಿಸುವ ರಿಸಾಲ್ವರುಗಳು ಉತ್ತರವನ್ನು ನಂಬದೆ ತಿರಸ್ಕರಿಸುತ್ತವೆ.

ಅಂಚೆಯನ್ನೂ ಅರ್ಜಿಯನ್ನೂ ಮರೆಯಬಾರದು

ತಾಣ ಕಂಡಿತೆಂದು ಸಂತೋಷಪಡುವ ಹೊತ್ತಿಗೆ ಮರೆತುಹೋಗುವ ಸಂಗತಿಗಳು ಎರಡು. ನೇಮ್ ಸರ್ವರನ್ನು ಬದಲಿಸಿದಾಗ ಎಂ.ಎಕ್ಸ್. ದಾಖಲೆಯನ್ನು ಹೊಸ ಕಡೆಗೆ ಪ್ರತಿಮಾಡದಿದ್ದರೆ ಶಾಲೆಗೆ ಬರುವ ಮಿಂಚಂಚೆ ದಾರಿ ತಪ್ಪುತ್ತದೆ. ಎಂ.ಎಕ್ಸ್. ಇಲ್ಲದಿದ್ದರೆ ಪತ್ರವನ್ನು ತಾಣದ ಸರ್ವರಿಗೇ ಒಯ್ಯಬೇಕೆಂಬುದು ಅಂಚೆಯ ನಿಯಮ. ಅಲ್ಲಿ ಅಂಚೆಯನ್ನು ಪಡೆಯುವವರು ಇಲ್ಲದಿದ್ದರೆ ಕಳುಹಿಸಿದವರ ಸರ್ವರು ಸಾಮಾನ್ಯವಾಗಿ ನಾಲ್ಕೈದು ದಿನ ಪ್ರಯತ್ನಿಸಿ ಪತ್ರವನ್ನು ಹಿಂದಿರುಗಿಸುತ್ತದೆ. ಆದುದರಿಂದ ಬದಲಾವಣೆಯ ದಿನವೇ ಹೊರಗಿನಿಂದ ಒಂದು ಪತ್ರವನ್ನು ಕಳುಹಿಸಿ ನೋಡುವುದು ಲೇಸು.

ಅರ್ಜಿಗಳ ವಿಚಾರ ಇನ್ನೂ ಗಂಭೀರವಾದುದು. ಹಳೆಯ ನೆನಪುಳ್ಳ ರಿಸಾಲ್ವರಿನ ಮೂಲಕ ಬಂದವರು ಶನಿವಾರ ಸಂಜೆ ಅರ್ಜಿಯನ್ನು ತುಂಬಿಸಿದರೆ ಅದು ಹಳೆಯ ಸರ್ವರಿನಲ್ಲಿಯೇ ಉಳಿಯುತ್ತದೆ. ‘ಅರ್ಜಿ ತಲಪಿದೆ’ ಎಂಬ ಉತ್ತರವೂ ಅವರಿಗೆ ಬರುತ್ತದೆ. ಶಾಲೆಯವರು ನೋಡುವುದು ಹೊಸ ಸರ್ವರನ್ನು. ಹೀಗೆ ಒಂದು ಮಗುವಿನ ಅರ್ಜಿ ಯಾರ ತಪ್ಪೂ ಇಲ್ಲದೆ ಕತ್ತಲಲ್ಲಿ ಬಿದ್ದುಹೋಗುವ ಸಂಭವವಿದೆ. ಬದಲಾವಣೆಗೆ ಮೊದಲು ಹಳೆಯ ತಾಣದ ನಮೂನೆಯನ್ನು ಮುಚ್ಚಿ, ‘ತಾಣ ಬದಲಾಗುತ್ತಿದೆ, ನಾಳೆ ನೋಡಿ’ ಎಂದು ಅಲ್ಲಿ ಬರೆಯುವುದೇ ಇದಕ್ಕೆ ಪರಿಹಾರ. ಹೆತ್ತವರೂ ಒಂದು ಮಾತನ್ನು ನೆನಪಿಡಬೇಕು: ತಾಣ ಬದಲಾದ ವಾರದಲ್ಲಿ ಪ್ರವೇಶ, ಪರೀಕ್ಷೆ, ವಿದ್ಯಾರ್ಥಿವೇತನ ಮುಂತಾದವುಗಳ ದಿನಾಂಕವನ್ನು ಶಾಲೆಯ ಸೂಚನಾ ಫಲಕದಲ್ಲಿಯೋ ಕಚೇರಿಯಲ್ಲಿಯೋ ಒಮ್ಮೆ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಉತ್ತಮ.

ಹಳೆಯ ಬಾಗಿಲು

ಹೊಸ ಮನೆ ನೆಲೆಯಾದ ಕೂಡಲೇ ಹಳೆಯದನ್ನು ಕೆಡವಬಾರದು. ಇದಕ್ಕೆ ಡಿ.ಎನ್.ಎಸ್.ನ ಚರಿತ್ರೆಯಲ್ಲಿಯೇ ಒಳ್ಳೆಯ ನಿದರ್ಶನವಿದೆ. ಮೂಲ ಸರ್ವರುಗಳಲ್ಲಿ ‘ಜೆ’ ಎಂಬುದರ ಅಂಕೆಯನ್ನು 2002ರ ನವೆಂಬರಿನಲ್ಲಿ ಬದಲಿಸಲಾಯಿತು. ಹದಿಮೂರು ವರ್ಷಗಳ ಬಳಿಕ, 2015ರಲ್ಲಿ ನೋಡಿದಾಗಲೂ ಹಳೆಯ ಅಂಕೆಗೆ ಪ್ರಶ್ನೆಗಳು ಬರುತ್ತಲೇ ಇದ್ದವು. ಮೂಲ ಸರ್ವರುಗಳ ಅಂಕೆಗಳನ್ನು ರಿಸಾಲ್ವರುಗಳಲ್ಲಿ ಒಂದು ಪಟ್ಟಿಯಾಗಿ ಮೊದಲೇ ಬರೆದಿಟ್ಟಿರುತ್ತಾರೆ. ಆ ಪಟ್ಟಿಯನ್ನು ಹೊಸದಾಗಿಸದವರು ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತಾರೆ. ‘ಬಿ’ ಎಂಬ ಮೂಲ ಸರ್ವರನ್ನು ನಡೆಸುವುದು ಮೊಕಾಪೆಟ್ರಿಸ್ ಅವರು ಡಿ.ಎನ್.ಎಸ್. ಅನ್ನು ರೂಪಿಸಿದ ಅದೇ ಸಂಸ್ಥೆ. 2023ರ ನವೆಂಬರ್ 27ರಂದು ಅದರ ಅಂಕೆಯನ್ನು ಬದಲಿಸಿದಾಗ, ಹಳೆಯ ಅಂಕೆಯಲ್ಲಿಯೂ ಕನಿಷ್ಠ ಒಂದು ವರ್ಷ ಉತ್ತರ ಕೊಡುವುದಾಗಿ ಆ ಸಂಸ್ಥೆ ತಿಳಿಸಿತು. ನಮ್ಮಂತಹವರ ಚಿಕ್ಕ ತಾಣಕ್ಕೆ ಒಂದು ವರ್ಷ ಬೇಡ; ಹಳೆಯ ಸರ್ವರನ್ನು ಒಂದೆರಡು ವಾರ ಇಟ್ಟುಕೊಂಡು, ಅದಕ್ಕೆ ಬರುವವರು ನಿಂತ ಮೇಲೆ ಮುಚ್ಚಿದರೆ ಸಾಕು. ಆಮೇಲೆ ಟಿ.ಟಿ.ಎಲ್. ಅನ್ನು ಮೊದಲಿನಂತೆ ಏರಿಸಬಹುದು.

ವಿದ್ಯಾರ್ಥಿಗಳೇ, ಇನ್ನು ಮುಂದೆ ಯಾರಾದರೂ “ನನಗೆ ಕಾಣುತ್ತದೆ, ನಿನಗೇಕೆ ಕಾಣುವುದಿಲ್ಲ?” ಎಂದು ವಾದಿಸಿದರೆ, ನೀವು ಎರಡು ಪ್ರಶ್ನೆಗಳನ್ನು ಕೇಳಿ: ಯಾರನ್ನು ಕೇಳಿದೆ? ಎಷ್ಟು ಹೊತ್ತಿಗೆ ಕೇಳಿದೆ? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಜಗಳ ನಿಲ್ಲುತ್ತದೆ, ಹುಡುಕಾಟ ಆರಂಭವಾಗುತ್ತದೆ. ಕೇಳಿದ ಮಾತು ಹೊಸದೋ ಹಳೆಯದೋ, ಮೂಲದವರು ಹೇಳಿದ್ದೋ ಬಾಯಿಂದ ಬಾಯಿಗೆ ಬಂದದ್ದೋ ಎಂದು ವಿಚಾರಿಸುವ ಅಭ್ಯಾಸವು ಜಾಲತಾಣಕ್ಕೆ ಮಾತ್ರವಲ್ಲದೆ ಬೇರೆಡೆಯೂ ಉಪಯೋಗಕ್ಕೆ ಬರುತ್ತದೆ.